ತೊಣ್ಣೂರು ಕೆರೆಯಿಂದ ಖಡಕ್‌ವಾಸ್ಲಾ ಕೆರೆಗೆ

ಪುಣೆಯ ಬಳಿ ಖಡಕ್‌ವಾಸ್ಲಾ ಜಲಾಶಯದ ದಂಡೆಯಲ್ಲಿ ರಾಷ್ಟ್ರೀಯ ರಕ್ಷಣಾ ಅಕಾಡೆಮಿ ಇದೆ. ಎಲ್ಲರ ಬಾಯಲ್ಲಿ ಅದು ಎನ್‌ಡಿಎ. ಪಾಂಡವಪುರ ತಾಲ್ಲೂಕಿನ ತೊಣ್ಣೂರಿನಲ್ಲೂ ಒಂದು ಕೆರೆ ಇದೆ. ತಿರುಮಲಸಾಗರ, ಮೋತಿ ತಲಾಬ್ ಎಂಬ ಹೆಸರುಗಳನ್ನು ಹೊತ್ತ ಈ ಕೆರೆಯ ಆಸುಪಾಸಿಗೆ ಸೈನ್ಯ ಹೊಸದಲ್ಲ. 1771ರಲ್ಲಿ ಹೈದರ್ ಅಲಿ ಮರಾಠರ ಎದುರು ಸೋತದ್ದು ಪಕ್ಕದ ಚಿನಕುರಳಿಯಲ್ಲಿ. ಹೈದರ್ ಮತ್ತು ಟಿಪ್ಪುವಿನ ಕಡೆಯ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರಿಂದಲೇ ಹಿರೋಡೆಗೆ ಫ್ರೆಂಚ್ ರಾಕ್ಸ್ ಎಂಬ ಹೆಸರು ಬಂತು. ಇಂದಿನ ಪಾಂಡವಪುರ ಅದೇ ಊರು.

ಈ ಸೀಮೆಯಲ್ಲಿ ಸೇನೆ ಎಂದರೆ ಹುಡುಗರ ಕಣ್ಣಿಗೆ ಮೊದಲು ಬರುವುದು ಭರ್ತಿ ರ‍್ಯಾಲಿ, ಅದರ 1,600 ಮೀಟರ್ ಓಟ. ಅದಕ್ಕಾಗಿ ಬೆಳಗಿನ ಚಳಿಯಲ್ಲಿ ಎದ್ದು ಓಡುವವರಿದ್ದಾರೆ. ಎನ್‌ಡಿಎ ಮೂಲಕ ಅಧಿಕಾರಿಯಾಗಿ ಸೇರುವ ದಾರಿಯ ಮಾತು ತೆಗೆದರೆ ಮಾತ್ರ, "ಅದು ನಮ್ಮಂತೋರ್ಗಲ್ಲ ಬುಡಿ" ಎಂದು ಮಾತು ಮುಗಿದುಹೋಗುತ್ತದೆ. ಆ ಮಾತು ಎಷ್ಟು ನಿಜ ಎಂದು ಲೆಕ್ಕ ಹಾಕಿ ನೋಡೋಣ.

ಹೆದರಿಸುವ ಅಂಕಿಯಿಂದಲೇ ಶುರುಮಾಡುತ್ತೇನೆ. 2021ರ ನವೆಂಬರ್‌ನ ಎನ್‌ಡಿಎ ಪ್ರವೇಶ ಪರೀಕ್ಷೆಗೆ ಅರ್ಜಿ ಹಾಕಿದವರು ಸುಮಾರು 5.75 ಲಕ್ಷ, ಇದ್ದ ಸ್ಥಾನ 400. ಒಂದು ಸ್ಥಾನಕ್ಕೆ 1,400ಕ್ಕೂ ಹೆಚ್ಚು ಮಂದಿ! ಆದರೆ ಲಿಖಿತ ಪರೀಕ್ಷೆಯಲ್ಲಿ ಉಳಿದವರು ಸುಮಾರು ಎಂಟು ಸಾವಿರ. ಅಲ್ಲಿಂದಾಚೆ ಒಂದು ಸ್ಥಾನಕ್ಕೆ ಇಪ್ಪತ್ತು ಮಂದಿ. ಅರ್ಜಿ ಶುಲ್ಕ ಕೇವಲ 100 ರೂಪಾಯಿ, ಹೆಣ್ಣುಮಕ್ಕಳಿಗೆ ಅದೂ ಇಲ್ಲ. ಹಾಗಾಗಿ ಒಂದು ಕೈ ನೋಡೋಣ ಎಂದು ಅರ್ಜಿ ಹಾಕಿ ಪುಸ್ತಕ ತೆರೆಯದವರು ಆ ಲಕ್ಷಗಳಲ್ಲಿ ಬಹಳ. ಅವರನ್ನೆಲ್ಲ ನಿಮ್ಮ ಎದುರಾಳಿ ಎಂದು ಎಣಿಸಿದರೆ ನಿಮ್ಮ ಅವಕಾಶದ ಅಳತೆ ಸಿಗುವುದಿಲ್ಲ. ಇರುವ ಬಾಗಿಲುಗಳನ್ನು ಒಂದೊಂದಾಗಿ ತೆಗೆದುಕೊಂಡು, ಪ್ರತಿಯೊಂದರ ಮುಂದೆ ತಾನೆಲ್ಲಿ ನಿಂತಿದ್ದೇನೆ ಎಂದು ನೋಡಬೇಕು.

ಮೊದಲ ಬಾಗಿಲು ಹುಟ್ಟಿದ ದಿನಾಂಕ. ಕೋರ್ಸು ಶುರುವಾಗುವಾಗ ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆಯೊಳಗೆ ಇರಬೇಕು. 2025ರ ಮೊದಲ ಪರೀಕ್ಷೆಗೆ 2006ರ ಜುಲೈ 2ರಿಂದ 2009ರ ಜುಲೈ 1ರೊಳಗೆ ಹುಟ್ಟಿದವರು ಅರ್ಹರಾಗಿದ್ದರು. ಮೂರು ವರ್ಷದ ಅವಧಿ, ವರ್ಷಕ್ಕೆ ಎರಡು ಪರೀಕ್ಷೆ: ಕಾಗದದ ಮೇಲೆ ಆರು ಅವಕಾಶ. ಆದರೆ ದ್ವಿತೀಯ ಪಿಯುಸಿಗೆ ಬರುವತನಕ ಅರ್ಜಿ ಹಾಕುವಂತಿಲ್ಲವಾದ್ದರಿಂದ ಕೈಗೆ ಸಿಗುವುದು ಸಾಮಾನ್ಯವಾಗಿ ಮೂರೋ ನಾಲ್ಕೋ. ಇಲ್ಲಿ ಹಳ್ಳಿಯ ಮನೆಗಳಿಗೆ ಒಂದು ಮಾತು ಹೇಳಲೇಬೇಕು. ಶಾಲೆಗೆ ಸೇರಿಸುವ ದಿನ ಅಂದಾಜಿನಲ್ಲಿ ಬರೆಸಿದ 'ಜೂನ್ 1' ಮುಂದೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಹೋಗುತ್ತದೆ. ಪರೀಕ್ಷೆ ನಡೆಸುವ ಯುಪಿಎಸ್‌ಸಿ ಒಪ್ಪುವುದು ಅದನ್ನೇ. ಒಂದು ವರ್ಷ ಹೆಚ್ಚು ಬರೆಸಿದರೆ ಮಗುವಿನ ಎರಡು ಪರೀಕ್ಷೆಗಳು ಅಂದೇ ಹೋದವು.

ಎರಡನೆಯದು ಲಿಖಿತ ಪರೀಕ್ಷೆ. ಗಣಿತಕ್ಕೆ 300 ಅಂಕ, 120 ಪ್ರಶ್ನೆ. ಸಾಮಾನ್ಯ ಸಾಮರ್ಥ್ಯಕ್ಕೆ 600 ಅಂಕ, 150 ಪ್ರಶ್ನೆ. ಅದರಲ್ಲಿ ಇಂಗ್ಲಿಷಿನ ಪಾಲು 200. ಒಂದೊಂದಕ್ಕೂ ಎರಡೂವರೆ ಗಂಟೆ. ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಭೂಸೇನೆಗೆ ಕಲಾ ವಿಭಾಗದವರೂ ಬರೆಯಬಹುದು. ಆದರೆ ಪಿಯುಸಿ ಮಟ್ಟದ ಗಣಿತ ಅವರಿಗೂ ತಪ್ಪಿದ್ದಲ್ಲ. ವಾಯುಸೇನೆಗೂ ನೌಕಾಸೇನೆಗೂ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿರಲೇಬೇಕು.

ಈಗ ಕಟಾಫ್ ನೋಡಿ. 2022ರ ಮೊದಲ ಪರೀಕ್ಷೆಯಲ್ಲಿ ಲಿಖಿತದ ಕಟಾಫ್ 900ಕ್ಕೆ 360, 2023ರ ಮೊದಲನೆಯದರಲ್ಲಿ 301, 2024ರ ಮೊದಲನೆಯದರಲ್ಲಿ 291. ಅಂದರೆ ಶೇ. 32ರಿಂದ 40. ಪಿಯುಸಿಯಲ್ಲಿ ತೊಂಬತ್ತರ ಮಾತಾಡುವ ಮನೆಗಳಿಗೆ ಇದು ಸಣ್ಣ ಅಂಕ ಅನ್ನಿಸಬಹುದು. ತಪ್ಪು ಉತ್ತರಕ್ಕೆ ಮೂರನೇ ಒಂದು ಭಾಗ ಕಳೆಯುತ್ತಾರೆ ಎಂಬುದನ್ನು ಮರೆಯಬಾರದು. ನಾಲ್ಕು ಆಯ್ಕೆಗಳಲ್ಲಿ ಕಣ್ಣುಮುಚ್ಚಿ ಗುರುತು ಹಾಕಿದರೆ ಸರಾಸರಿ ಲಾಭ ಸೊನ್ನೆ. ಒಂದು ಆಯ್ಕೆ ಖಂಡಿತ ತಪ್ಪೆಂದು ಗೊತ್ತಿದ್ದು ಉಳಿದ ಮೂರರಲ್ಲಿ ಊಹಿಸಿದರೆ ಮಾತ್ರ ಚೂರು ಲಾಭ ಉಳಿಯುತ್ತದೆ. ಹಳೆಯ ಪತ್ರಿಕೆಗಳು ಯುಪಿಎಸ್‌ಸಿ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಗಡಿಯಾರ ಇಟ್ಟುಕೊಂಡು ಐದನ್ನು ಬಿಡಿಸಿ, ತಪ್ಪಿನ ಅಂಕ ಕಳೆದು ಬರೆದಿಡಿ. ಐದರಲ್ಲಿ ಅತಿ ಕಡಿಮೆ ಬಂದದ್ದೇ 360 ದಾಟಿದ್ದರೆ ಈ ಬಾಗಿಲು ನಿಮಗೆ ಬಹುತೇಕ ತೆರೆದಿದೆ. ಅತಿ ಹೆಚ್ಚು ಬಂದದ್ದನ್ನು ಹಿಡಿದು ಲೆಕ್ಕ ಹಾಕುವವರೇ ಮೋಸಹೋಗುವುದು.

ಲಿಖಿತದ ನಂತರದ ಬಾಗಿಲು ಎಸ್‌ಎಸ್‌ಬಿ, ಅಂದರೆ ಸರ್ವಿಸಸ್ ಸೆಲೆಕ್ಷನ್ ಬೋರ್ಡಿನ ಆಯ್ಕೆ. ಎರಡೂ ಸೇರಿ, ಅದೇ ಮೂರು ಪರೀಕ್ಷೆಗಳ ಅಂತಿಮ ಪಟ್ಟಿಯ ಕೊನೆಯ ಅಂಕ 1,800ಕ್ಕೆ 720, 664, 654. ಲಿಖಿತದ ಕಟಾಫ್ ಕಳೆದರೆ ಉಳಿಯುವುದು 360, 363, 363. ಲಿಖಿತವನ್ನು ಹೇಗೋ ದಾಟಿದವರು ಎಸ್‌ಎಸ್‌ಬಿಯಲ್ಲಿ ಇಷ್ಟನ್ನು ಗಳಿಸಬೇಕು. ಲಿಖಿತದಲ್ಲಿ 60 ಅಂಕ ಹೆಚ್ಚು ತಂದವರಿಗೆ ಅಲ್ಲಿ 60ರ ಸಡಿಲ ಸಿಗುತ್ತದೆ. ಆದರೆ ಎಸ್‌ಎಸ್‌ಬಿ 'ಶಿಫಾರಸು' ಮಾಡದಿದ್ದರೆ ಲಿಖಿತದ ಅಂಕ ಎಷ್ಟಿದ್ದರೂ ಪಟ್ಟಿಯಲ್ಲಿ ಹೆಸರಿಲ್ಲ.

ನಿಜವಾದ ಬಾಗಿಲು ಇದೇ. ಐದು ದಿನಗಳ ಈ ಆಯ್ಕೆ ಪದ್ಧತಿ ಎರಡನೇ ಮಹಾಯುದ್ಧದ ಕಾಲದ್ದು. ಭಾರತದಲ್ಲಿ 1943ರಲ್ಲಿ ಡೆಹ್ರಾಡೂನಿನಲ್ಲಿ ಪ್ರಯೋಗವಾಗಿ ಶುರುವಾಯಿತು. ಭೂಸೇನೆಯ ಆಯ್ಕೆ ಕೇಂದ್ರಗಳಲ್ಲಿ ಒಂದು ಬೆಂಗಳೂರಿನಲ್ಲಿದೆ, ವಾಯುಸೇನೆಯದೊಂದು ಮೈಸೂರಿನ ಸಿದ್ಧಾರ್ಥನಗರದಲ್ಲಿ. ದೇಶದ ಮೂಲೆಮೂಲೆಯ ಹುಡುಗರು ರೈಲು ಹತ್ತಿ ಬರುವ ಆ ಜಾಗ ತೊಣ್ಣೂರಿನಿಂದ ಸುಮಾರು 40 ಕಿಲೋಮೀಟರ್. ಮೊದಲ ದಿನವೇ ಜರಡಿ ಹಿಡಿಯುತ್ತಾರೆ: ಬುದ್ಧಿಪರೀಕ್ಷೆ, ಆಮೇಲೆ ಅರ್ಧ ನಿಮಿಷ ಒಂದು ಮಸುಕು ಚಿತ್ರ ತೋರಿಸಿ ನಾಲ್ಕು ನಿಮಿಷದಲ್ಲಿ ಕಥೆ ಬರೆಸಿ ಗುಂಪಿನಲ್ಲಿ ಚರ್ಚೆ. ದಾಟದವರು ಅಂದೇ ಊರಿಗೆ ಹೊರಡುತ್ತಾರೆ. ಉಳಿದವರನ್ನು ಮನಶ್ಶಾಸ್ತ್ರಜ್ಞ, ಸಂದರ್ಶಕ, ಗುಂಪು ಪರೀಕ್ಷಕ ಎಂಬ ಮೂವರು ಬೇರೆಬೇರೆಯಾಗಿ ಅಳೆಯುತ್ತಾರೆ. ಮನಸಾ, ವಾಚಾ, ಕರ್ಮಣಾ ಎಂಬುದು ಅಲ್ಲಿನವರೇ ಬಳಸುವ ಮಾತು. ನಮ್ಮವರು ತ್ರಿಕರಣಶುದ್ಧಿ ಎನ್ನುವುದೂ ಇದನ್ನೇ. ಯೋಚಿಸುವುದು, ಆಡುವುದು, ಮಾಡುವುದು ಮೂರೂ ಒಬ್ಬನೇ ಮನುಷ್ಯನದ್ದಾಗಿ ಕಾಣಬೇಕು. ಕಲಿತು ಒಪ್ಪಿಸಿದ ಉತ್ತರಗಳು ಇಲ್ಲಿ ನಿಲ್ಲದಿರುವುದು ಈ ಕಾರಣಕ್ಕೆ.

ಕನ್ನಡ ಮಾಧ್ಯಮದ ಮಕ್ಕಳಿಗೆ ಕಷ್ಟ ಎಲ್ಲಿ ಎಂದು ನಿಖರವಾಗಿ ತಿಳಿದಿರಬೇಕು. ಮನಶ್ಶಾಸ್ತ್ರದ ಒಂದು ಪರೀಕ್ಷೆಯಲ್ಲಿ 60 ಪದಗಳು ಪರದೆಯ ಮೇಲೆ ಒಂದೊಂದಾಗಿ ಬರುತ್ತವೆ, ಪದಕ್ಕೆ 15 ಸೆಕೆಂಡು. ಪದ ಓದಿ, ಕನ್ನಡಕ್ಕೆ ತಂದು, ಯೋಚಿಸಿ, ಮತ್ತೆ ಇಂಗ್ಲಿಷಿಗೆ ಒಯ್ದು ಬರೆಯುವಷ್ಟರಲ್ಲಿ ಮುಂದಿನ ಪದ ಬಂದಿರುತ್ತದೆ. ಆ ಮಗುವಿಗೆ ಯೋಚನೆ ಇಲ್ಲವೆಂದಲ್ಲ, ಹೊಳೆ ದಾಟುವುದರಲ್ಲೇ ಹೊತ್ತು ಹೋಯಿತು. ಇದಕ್ಕೆ ಅಲಂಕಾರದ ಇಂಗ್ಲಿಷ್ ಬೇಡ. ದಿನದ ಕೊನೆಗೆ ಮನೆಯಲ್ಲಿ, ಗದ್ದೆಯಲ್ಲಿ ಆದದ್ದನ್ನು ನೇರ ಇಂಗ್ಲಿಷಿನಲ್ಲಿ ಹತ್ತು ಸಾಲು ಬರೆಯುವ ಅಭ್ಯಾಸ ಪ್ರಥಮ ಪಿಯುಸಿಯಿಂದ ಇದ್ದರೆ ಸಾಕು.

ಗುಂಪು ಪರೀಕ್ಷೆಯ ಬಯಲಿನಲ್ಲಿ ಮಾತ್ರ ತಕ್ಕಡಿ ಈ ಕಡೆಗೂ ವಾಲುತ್ತದೆ. ಹಲಗೆ, ಹಗ್ಗ, ಮರದ ದಿಮ್ಮಿ ಕೊಟ್ಟು, ಮುಟ್ಟಬಾರದ ಜಾಗ ದಾಟಿ ಎಲ್ಲರನ್ನೂ ಹೊರೆಯನ್ನೂ ಆಚೆ ಸಾಗಿಸಿ ಎನ್ನುತ್ತಾರೆ. ಕಬ್ಬಿನ ಹೊರೆ ಬಿಗಿದ ಕೈಗೆ ಗಂಟು ಹಾಕಲು ಹೇಳಿಕೊಡಬೇಕಾಗಿಲ್ಲ. ನಾಲ್ಕು ಜನ ಸೇರಿದಾಗ ಯಾರು ಏನು ಹಿಡಿಯಬೇಕೆಂಬುದೂ ಅವರಿಗೆ ಗೊತ್ತು. ಗೊತ್ತಿದ್ದದ್ದನ್ನು ಬಾಯಿಬಿಟ್ಟು ಹೇಳುವುದಷ್ಟೇ ಉಳಿದದ್ದು. ಸುಮ್ಮನೆ ಕೆಲಸ ಮಾಡಿ ಹಿಂದೆ ನಿಲ್ಲುವ ನಮ್ಮ ಸಂಕೋಚಕ್ಕೆ ಅಲ್ಲಿ ಅಂಕವಿಲ್ಲ.

ಹೆಣ್ಣುಮಕ್ಕಳಿಗೆ ಎನ್‌ಡಿಎ ತೆರೆದದ್ದು 2021ರ ಸುಪ್ರೀಂ ಕೋರ್ಟ್ ಆದೇಶದಿಂದ. ಆ ವರ್ಷದ ಪರೀಕ್ಷೆಯಲ್ಲಿ 1,002 ಹುಡುಗಿಯರು ಲಿಖಿತ ದಾಟಿದರು, ಸ್ಥಾನ ಇದ್ದದ್ದು 19. ಗಂಡುಮಕ್ಕಳಿಗಿಂತ ಎರಡು ಪಟ್ಟಿಗೂ ಮಿಕ್ಕ ಬಿಗಿ. ಮೊದಲ ತಂಡದ 17 ಮಂದಿ 2025ರ ಮೇ 30ರಂದು ತೇರ್ಗಡೆಯಾಗಿ ಹೊರಬಂದರು. ಹುಡುಗಿಯರು ಕಟಾಫನ್ನು ಗುರಿ ಮಾಡಿಕೊಳ್ಳದೆ ಅದಕ್ಕಿಂತ ಸಾಕಷ್ಟು ಮೇಲೆ ಗುರಿ ಇಡಬೇಕು.

ಕೊನೆಗೆ ಇಡುವ ವೈದ್ಯಕೀಯ ಪರೀಕ್ಷೆಯನ್ನು ಮನೆಯವರು ಮೊದಲೇ ಮಾಡಿಸಬೇಕು. ಬಣ್ಣ ಗುರುತಿಸುವಿಕೆ, ಚಪ್ಪಟೆ ಪಾದ, ಮಂಡಿ ತಾಗುವಿಕೆ, ಮೂಗಿನ ನಡುಗೋಡೆ, ಕಿವಿಯ ಕೊಳೆ, ತೂಕ. ಕೆಲವು ಸರಿಹೋಗುತ್ತವೆ, ಬಣ್ಣಗುರುಡು ಸರಿಹೋಗದು. ಅದನ್ನು ಎರಡು ವರ್ಷದ ಓದಿನ ಕೊನೆಗೆ ತಿಳಿಯುವ ಸಂಕಟ ಯಾವ ಮಗುವಿಗೂ ಬೇಡ. ಪೈಲಟ್ ಆಗುವ ಆಸೆಗೆ 162.5 ಸೆಂ.ಮೀ. ಎತ್ತರ ಬೇಕು. ಪೈಲಟ್ ಆಯ್ಕೆಯ ಯಂತ್ರಪರೀಕ್ಷೆಯಲ್ಲಿ ಒಮ್ಮೆ ಸೋತರೆ ಜೀವಮಾನದಲ್ಲಿ ಮತ್ತೆ ಅವಕಾಶವಿಲ್ಲ.

ಹತ್ತೊಂಬತ್ತೂವರೆ ದಾಟಿದವರಿಗೆ ಪದವಿಯ ನಂತರದ ಸಿಡಿಎಸ್ ಪರೀಕ್ಷೆ ಇದೆ. ಎನ್‌ಸಿಸಿ 'ಸಿ' ಪ್ರಮಾಣಪತ್ರದವರಿಗೆ ಪ್ರತ್ಯೇಕ ಪ್ರವೇಶವೂ ಉಂಟು. ಎಸ್‌ಎಸ್‌ಬಿ ಅಲ್ಲಿಯೂ ಇರುತ್ತದೆ.

ಇನ್ನೊಂದು ಬಾಗಿಲು ಬಹಳ ಮುಂಚೆ ತೆರೆಯುತ್ತದೆ, ಅಷ್ಟೇ ಬೇಗ ಮುಚ್ಚುತ್ತದೆ: ಮಕ್ಕಳನ್ನು ಎನ್‌ಡಿಎಗೆ ಅಣಿಗೊಳಿಸುವ ಸೈನಿಕ ಶಾಲೆ. ವಿಜಯಪುರದ ಸೈನಿಕ ಶಾಲೆ 1963ರದು, ಕೊಡಗಿನ ಕೂಡಿಗೆಯದು 2007ರದು. ಆರನೇ ತರಗತಿಗೆ ಹತ್ತರಿಂದ ಹನ್ನೆರಡು ವರ್ಷದ ಮಕ್ಕಳನ್ನು ತೆಗೆದುಕೊಳ್ಳುತ್ತಾರೆ. ಹುಡುಗಿಯರಿಗೂ ಪ್ರವೇಶ ಇದೆ, ಸ್ಥಾನಗಳಲ್ಲಿ ಶೇ. 67 ಆಯಾ ರಾಜ್ಯದವರಿಗೆ. ಪ್ರವೇಶ ಪರೀಕ್ಷೆ 300 ಅಂಕದ್ದು, ಅರ್ಧ ಗಣಿತ, ತಪ್ಪಿಗೆ ಅಂಕ ಕಳೆಯುವುದಿಲ್ಲ. ಒಂಬತ್ತನೇ ತರಗತಿಗೆ ಸೇರುವ ಪರೀಕ್ಷೆ ಇಂಗ್ಲಿಷಿನಲ್ಲಿ ಮಾತ್ರ. ಆರನೇ ತರಗತಿಯದನ್ನು ಮಾತ್ರ ಕನ್ನಡದಲ್ಲಿ ಬರೆಯಬಹುದು. ಹಾಗಾಗಿ ತೊಣ್ಣೂರಿನ ಯಾವುದಾದರೂ ಮನೆಯಲ್ಲಿ ನಾಲ್ಕನೇ ತರಗತಿಯ ಮಗುವೊಂದು ಈ ಪುಟಗಳನ್ನು ಜೋರಾಗಿ ಓದುತ್ತಿದ್ದರೆ, ಅದರ ಅಪ್ಪ ಅಮ್ಮ ಲೆಕ್ಕ ಶುರುಮಾಡಬೇಕಾದ್ದು ಇಂದೇ, ಆ ಮಗುವಿನ ಭಾಷೆಯಲ್ಲೇ.