ಕೂಲಿ ರಿಜಿಸ್ಟರಿನಲ್ಲಿ ಮನೆತನದ ಹುಡುಕಾಟ

ಮಾರಿಷಸ್‌ನ ರಾಜಧಾನಿ ಪೋರ್ಟ್ ಲೂಯಿಯ ಬಂದರಿನಲ್ಲಿರುವ ಆಪ್ರವಾಸಿ ಘಾಟ್ ನೋಡಲು ಬಂದವರು ಮೊದಲು ಅಲ್ಲಿನ 16 ಕಲ್ಲಿನ ಮೆಟ್ಟಿಲುಗಳ ಮುಂದೆ ನಿಲ್ಲುತ್ತಾರೆ. ಕಬ್ಬಿನ ತೋಟಗಳ ಕರಾರು ಕೂಲಿಗಾಗಿ ಭಾರತದಿಂದ ಹಡಗು ಹತ್ತಿದವರನ್ನು ಇಳಿಸಿ, ಎರಡು ದಿನ ಇರಿಸಿಕೊಂಡು, ಲೆಕ್ಕ ಬರೆದು ತೋಟಗಳಿಗೆ ಹಂಚುತ್ತಿದ್ದ ಡಿಪೊ ಇದು. 1834ರ ನವೆಂಬರ್ 2ರಂದು ‘ಅಟ್ಲಾಸ್’ ಹಡಗಿನಲ್ಲಿ 36 ಮಂದಿ ಬಂದದ್ದರಿಂದ ಈ ವಲಸೆಯ ಲೆಕ್ಕ ಶುರುವಾಗುತ್ತದೆ. ಡಿಪೊ ಕಟ್ಟಿದ್ದು 1849ರಲ್ಲಿ. ಇಪ್ಪತ್ತನೇ ಶತಮಾನದ ಮೊದಲ ದಶಕಗಳ ಹೊತ್ತಿಗೆ ಹೀಗೆ ಬಂದವರ ಸಂಖ್ಯೆ ಸುಮಾರು 4.5 ಲಕ್ಷ. 1987ರವರೆಗೆ ಜಾಗದ ಹೆಸರು ಕೂಲಿ ಘಾಟ್ ಎಂದೇ ಇತ್ತು. ಕಟ್ಟಡಗಳ ಬಹುಪಾಲು ಹೆದ್ದಾರಿಗೆ ಬಲಿಯಾಗಿತ್ತು. ಉಳಿದದ್ದಕ್ಕೆ 2006ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟ ಸಿಕ್ಕಿತು, 2014ರಲ್ಲಿ ಪಕ್ಕದಲ್ಲೇ ಮಾಹಿತಿ ಕೇಂದ್ರವೂ ತೆರೆಯಿತು. ಇಷ್ಟಾದರೂ, ಮುತ್ತಜ್ಜನನ್ನು ಹುಡುಕಿಕೊಂಡು ಬಂದವನಿಗೆ ಈ ಮೆಟ್ಟಿಲು, ಮಾದರಿಗಳಿಂದ ಸಿಗುವುದು ಅರ್ಧ ಮಾತ್ರ. ಉಳಿದರ್ಧ ಇರುವುದು ಊರ ಹೊರಗೆ ಮೋಕಾದಲ್ಲಿ, 1970ರಲ್ಲಿ ಸ್ಥಾಪನೆಯಾದ ಮಹಾತ್ಮ ಗಾಂಧಿ ಸಂಸ್ಥೆಯ ದಾಖಲೆ ಕೋಣೆಯಲ್ಲಿ. ಪರಂಪರೆ ಕೇಂದ್ರವೊಂದರ ನಿಜವಾದ ತೂಕವನ್ನು ಅಂಥ ಕೋಣೆಯಿಂದಲೇ ಅಳೆಯಬೇಕು ಎಂಬುದು ನನ್ನ ವಾದ.

ಆ ಕೋಣೆಯಲ್ಲಿರುವ ವಲಸೆ ರಿಜಿಸ್ಟರುಗಳ ಒಂದು ಸಾಲು ಹೇಗಿರುತ್ತದೆ ನೋಡಿ. ವಲಸೆ ನಂಬರು, ಹೆಸರು, ತಂದೆಯ ಹೆಸರು, ವಯಸ್ಸು, ಎತ್ತರ, ಜಾತಿ, ಮೈಮೇಲಿನ ಗುರುತು, ಜಿಲ್ಲೆ, ಠಾಣೆ, ಹಳ್ಳಿ, ಬಂದ ಹಡಗು, ಕಳಿಸಿದ ತೋಟ. ಗುಮಾಸ್ತ ಇದನ್ನು ಬರೆದದ್ದು ಆಳು ಓಡಿಹೋದರೆ ಹಿಡಿದು ತರಲು. ಯಾರ ಮೊಮ್ಮಕ್ಕಳಿಗೂ ಉಪಕಾರ ಮಾಡಲಲ್ಲ. ಇಂದು ಕುಟುಂಬಗಳು ಹಬ್ಬದ ಸಡಗರದಲ್ಲಿ ಮನೆಗೊಯ್ಯುವ ಮುತ್ತಜ್ಜನ ಫೋಟೊದ ಕಥೆ ಇನ್ನೂ ಕಹಿ. 1867ರ ಕಾನೂನಿನ ಪ್ರಕಾರ ಕರಾರು ಮುಗಿಸಿದ ಹಳೆಯ ಕೂಲಿಗಳೂ ಫೋಟೊ ಅಂಟಿಸಿದ ಟಿಕೆಟನ್ನು ಸದಾ ಜೇಬಿನಲ್ಲಿ ಇಟ್ಟುಕೊಳ್ಳಬೇಕಿತ್ತು. ಇಲ್ಲದಿದ್ದರೆ ಅಲೆಮಾರಿಯೆಂದು ಪೊಲೀಸರು ಹಿಡಿಯುತ್ತಿದ್ದರು. ಇದರ ವಿರುದ್ಧ 1871ರಲ್ಲಿ ಅಡಾಲ್ಫ್ ಡಿ ಪ್ಲೆವಿಟ್ಜ್ ಎಂಬ ತೋಟಗಾರನ ನೆರವಿನಿಂದ ಒಂಬತ್ತು ಸಾವಿರಕ್ಕೂ ಹೆಚ್ಚು ಮಂದಿ ಸಹಿ ಮಾಡಿ ಅಹವಾಲು ಸಲ್ಲಿಸಿದರು. ಮರುವರ್ಷ ವಿಚಾರಣೆಗೆ ರಾಯಲ್ ಕಮಿಷನ್ ಬಂತು.

ಹಾಗಾದರೆ ದಬ್ಬಾಳಿಕೆಯವರು ಬರೆದಿಟ್ಟ ಕಾಗದವನ್ನೇ ವಂಶದ ಪುರಾವೆಯೆಂದು ಕಣ್ಣಿಗೊತ್ತಿಕೊಳ್ಳುವುದು ಸರಿಯೇ ಎಂದು ಕೇಳುವವರಿದ್ದಾರೆ. ಕಾಗದದ ತಪ್ಪುಗಳೂ ಕಮ್ಮಿಯಿಲ್ಲ. ಭೋಜಪುರಿ, ತಮಿಳು, ತೆಲುಗು, ಮರಾಠಿ ಹೆಸರುಗಳನ್ನು ಇಂಗ್ಲಿಷ್, ಫ್ರೆಂಚ್ ಕಿವಿಗಳು ಕೇಳಿಸಿಕೊಂಡಂತೆ ಬರೆದಿವೆ. ಬಂದವನ ಸ್ವಂತ ಹೆಸರೇ ಮುಂದಿನವರ ಮನೆತನದ ಹೆಸರಾಗಿ ನಿಂತುಬಿಟ್ಟಿದೆ. ಆಕ್ಷೇಪ ನ್ಯಾಯವಾದದ್ದೇ. ಆದರೆ ಬದಲಿಗೆ ಏನಿದೆ? ನಮ್ಮಲ್ಲಾದರೆ ಹೆಳವರಿದ್ದರು, ಅಲ್ಲಲ್ಲಿ ಈಗಲೂ ಇದ್ದಾರೆ. ಸುಗ್ಗಿ ಮುಗಿದ ಮೇಲೆ ಎತ್ತಿನೊಂದಿಗೆ ಮನೆ ಬಾಗಿಲಿಗೆ ಬಂದು, ಮೂಲಪುರುಷನಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ ವಂಶಾವಳಿ ಒಪ್ಪಿಸಿ, ಹೊಸದಾಗಿ ಹುಟ್ಟಿದವರನ್ನು ಸೇರಿಸಿಕೊಂಡು, ಕಾಳುಕಡಿ ಪಡೆದು ಮುಂದಿನ ಊರಿಗೆ ಹೋಗುವವರು. ಒಕ್ಕಲು ಎಲ್ಲಿದೆಯೋ ಅಲ್ಲಿಗೆ ಹೆಳವ ನಡೆದು ಬರಬಲ್ಲ. ಸಮುದ್ರ ದಾಟಿ ಬರಲಾರ. ಹಡಗು ಹತ್ತಿದವನಿಗೆ ಕುಲಪುರೋಹಿತ, ವಂಶ ಹೇಳುವವ, ಊರ ಹಿರಿಯ ಎಲ್ಲರೂ ಒಂದೇ ಏಟಿಗೆ ತಪ್ಪಿಹೋದರು. ಎರಡು ತಲೆಮಾರು ಕಳೆದ ಮೇಲೆ ಮನೆಯಲ್ಲಿ ಉಳಿಯುವುದು ‘ಕಲ್ಕತ್ತೆಯಿಂದ ಬಂದರಂತೆ’ ಎಂಬಷ್ಟೇ ಮಾತು. ಅದೂ ಹಡಗು ಹತ್ತಿದ ಬಂದರಿನ ಹೆಸರು, ಹುಟ್ಟಿದ ಊರಿನದಲ್ಲ. ಠಾಣೆ, ಹಳ್ಳಿಯ ಕಲಮು ತುಂಬಿದ ಗುಮಾಸ್ತ ತನಗೆ ಗೊತ್ತಿಲ್ಲದೆಯೇ ಹೆಳವನ ಕೆಲಸ ಮಾಡಿದ್ದಾನೆ. ಜನನ, ಮದುವೆ ಪತ್ರಗಳನ್ನು ಒಂದರ ಹಿಂದೊಂದು ಜೋಡಿಸುತ್ತ ಆ ನಂಬರಿನವರೆಗೆ ಹೋಗುವ ಮೊಮ್ಮಗಳಿಗೆ ಬರೆದವನ ಉದ್ದೇಶ ಕಟ್ಟಿಕೊಂಡು ಏನಾಗಬೇಕು? ಪೊಲೀಸ್ ಟಿಕೆಟ್ಟಿಗೆ ಎಂದು ತೆಗೆದದ್ದಾದರೂ ಫೋಟೊದಲ್ಲಿರುವ ಮುಖ ಅವಳ ಮನೆಯದೇ.

ಜಾತಿಯ ಪ್ರಶ್ನೆ ಇಷ್ಟು ಸುಲಭವಾಗಿ ಬಗೆಹರಿಯುವುದಿಲ್ಲ. ಒಂದೇ ಹಡಗಿನಲ್ಲಿ ಮೈಗೆ ಮೈ ತಾಗಿಸಿ ಬಂದವರು ‘ಜಹಾಜಿ ಭಾಯಿ’ಗಳಾದರು, ಮಡಿಮೈಲಿಗೆ ಸಡಿಲಿತು, ಈಗ ಬೇರು ಹುಡುಕುವ ನೆಪದಲ್ಲಿ ಆ ಕಲಮಿಗೆ ಮತ್ತೆ ಜೀವ ತುಂಬುವುದೇಕೆ ಎನ್ನುತ್ತಾರೆ. ಮಾರಿಷಸ್ ರಾಜಕಾರಣದಲ್ಲಿ ಜಾತಿಯ ಲೆಕ್ಕಾಚಾರ ಇನ್ನೂ ನಡೆಯುತ್ತಿರುವಾಗ ಇದು ಸುಮ್ಮನೆ ತಳ್ಳಿಹಾಕುವ ಮಾತಲ್ಲ. ಆದರೂ ದಾಖಲೆ ಮುಚ್ಚಿಟ್ಟರೆ ಜಾತಿ ಅಳಿಯುವುದಿಲ್ಲ. ತಾವು ಇಂಥ ದೊಡ್ಡ ಕುಲದವರೆಂದು ಮನೆಮನೆಯಲ್ಲಿ ಹೆಣೆದುಕೊಂಡ ಕಥೆಗಳು ಪ್ರಶ್ನೆಯೇ ಇಲ್ಲದೆ ಬೆಳೆಯುತ್ತವೆ. ರಿಜಿಸ್ಟರು ಕೆಲವು ಕಥೆಗಳ ಮೀಸೆ ಮಣ್ಣುಮಾಡುತ್ತದೆ, ಅದು ಒಳ್ಳೆಯದೇ.

ನನಗೆ ನಿಜವಾಗಿ ತೊಡಕಾಗಿ ಕಾಣುವ ಆಕ್ಷೇಪ ಬೇರೆ. ಅದೇ ತೋಟಗಳಲ್ಲಿ ಇವರಿಗಿಂತ ಮೊದಲು ದುಡಿದ ಆಫ್ರಿಕಾ, ಮಡಗಾಸ್ಕರ್ ಮೂಲದ ಗುಲಾಮರಿಗೆ ಇಂಥ ಸಾಲು ಇಲ್ಲ. 1835ರಲ್ಲಿ ಅಲ್ಲಿ ಗುಲಾಮಗಿರಿ ರದ್ದಾಯಿತು. ಪರಿಹಾರದ ಹಣ ಸಿಕ್ಕಿದ್ದು ಮಾಲೀಕರಿಗೆ. 1815ರಿಂದ ಗುಲಾಮರ ಪಟ್ಟಿ ಮಾಡಿಸಿದ್ದು ಹೌದು, ಆದರೆ ಅದು ಆಸ್ತಿಯ ಲೆಕ್ಕ: ಹೆಸರು ಮಾಲೀಕ ಇಟ್ಟದ್ದು, ಹುಟ್ಟಿದ ನಾಡು ಬಾಯಿಗೆ ಬಂದಂತೆ ‘ಮೊಜಾಂಬಿಕ್’ ಎಂದೋ ‘ಮಲಗಾಸಿ’ ಎಂದೋ. ಹಳ್ಳಿಯ ಹೆಸರಿನವರೆಗೆ ಹೋಗಲು ಅದರಿಂದ ದಾರಿಯೇ ಇಲ್ಲ. 2009ರಲ್ಲಿ ನೇಮಕವಾದ ಸತ್ಯ ಮತ್ತು ನ್ಯಾಯ ಆಯೋಗ ಗುಲಾಮಗಿರಿ, ಕರಾರು ಕೂಲಿ ಎರಡರ ಪರಿಣಾಮವನ್ನೂ ಪರಿಶೀಲಿಸಿ 2011ರಲ್ಲಿ ವರದಿ ಕೊಟ್ಟಿತು. ಗುಲಾಮಗಿರಿಯ ವಸ್ತುಸಂಗ್ರಹಾಲಯ ಬೇಕೆಂದು ಅದು ಹೇಳಿದ್ದರ ಫಲವಾಗಿ ಪೋರ್ಟ್ ಲೂಯಿಯ ಹಳೆಯ ಮಿಲಿಟರಿ ಆಸ್ಪತ್ರೆಯಲ್ಲಿ, ಘಾಟ್‌ಗೆ ಕೂಗಳತೆಯ ದೂರದಲ್ಲೇ, ಅಂಥದ್ದೊಂದು ಎದ್ದುನಿಂತಿದೆ. ಅಲ್ಲಿಗೆ ಬರುವ, ಆ ಗುಲಾಮರ ಸಂತತಿಯ ಕ್ರಿಯೋಲ್ ಕುಟುಂಬಕ್ಕೆ ಸಿಗುವುದು ಇಡೀ ಜನಾಂಗದ ಚರಿತ್ರೆ. ತನ್ನ ಅಜ್ಜಿಯ ಅಜ್ಜಿ ಯಾರೆಂಬುದಕ್ಕೆ ಉತ್ತರ ಅಪರೂಪ.

ಈ ಅಂತರ ಭಾವನೆಗೆ ಮಾತ್ರ ಸೀಮಿತವಲ್ಲ. ಭಾರತ ಮೂಲದ ಮಾರಿಷಸ್ ಪ್ರಜೆಗಳಿಗೆ ಏಳನೇ ತಲೆಮಾರಿನವರೆಗೂ ಸಾಗರೋತ್ತರ ಪೌರತ್ವದ ಕಾರ್ಡ್ ಕೊಡುವುದಾಗಿ 2024ರ ಮಾರ್ಚ್‌ನಲ್ಲಿ ಭಾರತ ಘೋಷಿಸಿತು. ಅರ್ಜಿಗೆ ಪುರಾವೆ ಬೇಕು. ಮೋಕಾದ ರಿಜಿಸ್ಟರಿನ ಒಂದು ಸಾಲು ಹಾಗೆ ಒಂದು ದೇಶದ ಬಾಗಿಲು ತೆರೆಯುತ್ತದೆ. ಆಯೋಗದ ಮುಂದೆ ಕಳೆದುಹೋದ ಜಮೀನಿಗಾಗಿ ದೂರು ತಂದವರಿಗೂ ಬೇಕಾಗಿದ್ದದ್ದು ಅಂಥದೇ ವಂಶದ ಕಾಗದ. ಆದ್ದರಿಂದ ಸರ್ಕಾರಗಳು ಇನ್ನೊಂದು ಪ್ರತಿಮೆಗೆ, ಬೆಳಕು-ಧ್ವನಿ ಪ್ರದರ್ಶನಕ್ಕೆ ದುಡ್ಡು ಸುರಿಯುವ ಮುಂಚೆ ಚರ್ಚುಗಳ ದೀಕ್ಷಾಸ್ನಾನದ ಪುಸ್ತಕ, ನೋಟರಿಗಳ ಕಡತ, ಹಡಗಿನ ಪಟ್ಟಿಗಳನ್ನು ಒಂದಕ್ಕೊಂದು ತಾಳೆ ಹಾಕುವ ಜನರಿಗೆ ಸಂಬಳ ಕೊಡಲಿ. ಕರ್ನಾಟಕದಲ್ಲಿ ಹೆಳವರ ಹಳೆಯ ಹೊತ್ತಿಗೆಗಳ ವಿಷಯಕ್ಕೂ ಇದೇ ಮಾತು. ಅವುಗಳ ಒಡೆತನ ಹೆಳವರಲ್ಲೇ ಉಳಿಸಿ, ಪ್ರತಿ ತೆಗೆಯುವ ಖರ್ಚು ಸರ್ಕಾರ ಹೊರಬೇಕು.