ಸಾಚಾರ್ ವರದಿಯ ಹಿಂದೆ ಇದ್ದ ಪ್ರೊಫೆಸರ್‌ಗಳು

ಜಮಾಅತ್ ಮೀಟಿಂಗ್ ಇರಲಿ, ಪ್ರತಿಭಾ ಪುರಸ್ಕಾರ ಇರಲಿ, ಮೈಕ್ ಹಿಡಿದವರು ಒಮ್ಮೆಯಾದರೂ ‘ಸಾಚಾರ್ ವರದಿ’ ಎನ್ನುತ್ತಾರೆ. ನಾವೂ ತಲೆಯಾಡಿಸುತ್ತೇವೆ. ಬರೆದವರು ಯಾರು ಅಂತ ಕೇಳಿದರೆ ಗೊತ್ತಿರುವುದು ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಹೆಸರು ಮಾತ್ರ. 2005ರ ಮಾರ್ಚ್‌ನಲ್ಲಿ ನೇಮಕವಾದ ಆ ಸಮಿತಿಯಲ್ಲಿ ಇದ್ದದ್ದು ಏಳು ಮಂದಿ. ಜೆಎನ್‌ಯುನಲ್ಲಿ ಸಮಾಜಶಾಸ್ತ್ರ ಕಲಿಸಿದ್ದ ಟಿ.ಕೆ. ಉಮ್ಮನ್, ಹಮ್ದರ್ದ್ ವಿಶ್ವವಿದ್ಯಾನಿಲಯದ ರಾಜ್ಯಶಾಸ್ತ್ರ ಪ್ರೊಫೆಸರ್ ಅಖ್ತರ್ ಮಜೀದ್, ಐಐಎಂ ಅಹಮದಾಬಾದ್‌ನ ರಾಕೇಶ್ ಬಸಂತ್ ಅವರಲ್ಲಿ ಸೇರಿದ್ದರು. ಸದಸ್ಯ ಕಾರ್ಯದರ್ಶಿ ಅಬೂಸಾಲಿಹ್ ಶರೀಫ್ ಅರ್ಥಶಾಸ್ತ್ರಜ್ಞ.

ಇವರು ಮಾಡಿದ್ದು ಲೆಕ್ಕದ ಕೆಲಸ. 2001ರ ಜನಗಣತಿ, ರಾಷ್ಟ್ರೀಯ ಮಾದರಿ ಸಮೀಕ್ಷೆ, ಬ್ಯಾಂಕ್‌ಗಳ ಸಾಲದ ಅಂಕಿಅಂಶ ಎಲ್ಲವನ್ನೂ ಧರ್ಮವಾರು ವಿಂಗಡಿಸಿ ನೋಡಿದರು. ಅದುವರೆಗೆ ಒಬ್ಬರು ‘ಓಲೈಕೆ’ ಅಂತಿದ್ದರು, ನಾವು ‘ಅನ್ಯಾಯ’ ಅಂತಿದ್ದೆವು. ಇಬ್ಬರ ಕೈಯಲ್ಲೂ ಇಷ್ಟು ವಿವರವಾದ ಲೆಕ್ಕ ಇರಲಿಲ್ಲ. 2006ರ ನವೆಂಬರ್‌ನಲ್ಲಿ ವರದಿ ಸಂಸತ್ತಿಗೆ ಬಂತು: ದೇಶದ ಸಾಕ್ಷರತೆ ಶೇ. 65.1, ಮುಸ್ಲಿಮರದ್ದು 59.1. ಐಎಎಸ್‌ನಲ್ಲಿ ನಮ್ಮವರು ಶೇ. 3.

ಇನ್ನೊಂದು ಅಂಕಿ ನಮಗೆ ಹೆಚ್ಚು ಹತ್ತಿರದ್ದು. ಮುಸ್ಲಿಮರು ಮಕ್ಕಳನ್ನು ಶಾಲೆಗೆ ಕಳಿಸದೆ ಮದ್ರಸಕ್ಕೆ ಕಳಿಸುತ್ತಾರೆ ಅಂತ ಊರೆಲ್ಲ ಮಾತು. ಶಾಲೆಯ ವಯಸ್ಸಿನ ಮುಸ್ಲಿಂ ಮಕ್ಕಳಲ್ಲಿ ಪೂರ್ಣಾವಧಿ ಮದ್ರಸದಲ್ಲಿರುವವರು ಶೇ. 3ರಷ್ಟು ಮಾತ್ರ ಎಂದು ಸಮಿತಿ ಹೇಳಿತು. ನಮ್ಮ ಮಕ್ಕಳು ಬೆಳಿಗ್ಗೆ ಉಸ್ತಾದರ ಹತ್ತಿರ ಓದಿ ಆಮೇಲೆ ಯೂನಿಫಾರಂ ಹಾಕಿ ಶಾಲೆಗೆ ಓಡುತ್ತಾರಲ್ಲ, ಅಂಥದ್ದನ್ನು ವರದಿ ‘ಮಕ್ತಬ್’ ಎಂದು ಬೇರೆಯಾಗಿಯೇ ಲೆಕ್ಕಕ್ಕಿಟ್ಟಿತು. ನಾವು ವಾದ ಮಾಡಿ ಮಾಡಿ ಸೋತಿದ್ದ ಮಾತು, ಪುಣ್ಯಕ್ಕೆ, ಸರಕಾರಿ ಕಾಗದದಲ್ಲಿ ಬಂತು.

ಸ್ಕಾಲರ್‌ಶಿಪ್ ಪೂರ್ತಿ ಈ ವರದಿಯದ್ದೇ ಕೊಡುಗೆ ಎನ್ನುವುದು ಸರಿಯಲ್ಲ. 15 ಅಂಶಗಳ ಹೊಸ ಕಾರ್ಯಕ್ರಮ 2006ರ ಜೂನ್‌ನಲ್ಲೇ ಘೋಷಣೆಯಾಗಿತ್ತು. ವರದಿಯ ಮೇಲೆ ಅದಕ್ಕೆ ಕೈಕಾಲು ಬಂತು ಅನ್ನಬಹುದು. 2008ರಲ್ಲಿ ಪ್ರಿ-ಮೆಟ್ರಿಕ್ ಸ್ಕಾಲರ್‌ಶಿಪ್ ಮಂಜೂರಾಯಿತು, ಶೇ. 30 ಹೆಣ್ಣುಮಕ್ಕಳಿಗೆ ಮೀಸಲು. ಆದಾಯ ಪ್ರಮಾಣಪತ್ರಕ್ಕೆ ಕ್ಯೂ ನಿಂತ ಉಮ್ಮಂದಿರಿಗೆ ಆ ಫಾರಂ ನೆನಪಿರಬೇಕು.

ಎಲ್ಲವೂ ಹೀಗಾಗಲಿಲ್ಲ. ಸಮಾನ ಅವಕಾಶ ಆಯೋಗ ಬೇಕೆಂದು ಸಮಿತಿ ಹೇಳಿತ್ತು. ಅದರ ರೂಪುರೇಷೆ ಕೊಟ್ಟದ್ದು ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ ಕಟ್ಟಿದ ಎನ್.ಆರ್. ಮಾಧವ ಮೆನನ್ ನೇತೃತ್ವದ ತಂಡ. 2008ರ ಆ ಕಡತ ಕಪಾಟಿನಲ್ಲೇ ಇದೆ. 2022ರಲ್ಲಿ ಒಂದರಿಂದ ಎಂಟನೇ ತರಗತಿಯ ಸ್ಕಾಲರ್‌ಶಿಪ್ ನಿಂತಿತು. ಕಡ್ಡಾಯ ಶಿಕ್ಷಣ ಕಾಯ್ದೆಯಲ್ಲಿ ಆ ಮಕ್ಕಳಿಗೆ ಹೇಗೂ ಉಚಿತ ಎಂದಿತು ಸರಕಾರ. ಪಿಎಚ್‌ಡಿ ಮಾಡುವ ಅಲ್ಪಸಂಖ್ಯಾತರಿಗಿದ್ದ ಮೌಲಾನಾ ಆಝಾದ್ ಫೆಲೋಶಿಪ್ ಕೂಡ ಅದೇ ವರ್ಷ ನಿಂತಿತು. ನಮಗೆ ಹೆಚ್ಚು ಚುಚ್ಚಿದ್ದು ಇದು. ಲೆಕ್ಕ ಹಾಕುವವರು ನಮ್ಮಲ್ಲಿ ತಯಾರಾಗುವ ದಾರಿಯೇ ಅದಾಗಿತ್ತು.

ನಮ್ಮ ತಪ್ಪೂ ಇದೆ. ಪ್ರಶ್ನಾವಳಿ ಹಿಡಿದು ಸಂಶೋಧನೆಯ ಹುಡುಗಿ ಬಾಗಿಲಿಗೆ ಬಂದರೆ, ‘ಗಂಡಸರು ಮನೆಯಲ್ಲಿಲ್ಲ’ ಅಂತ ಕಳಿಸಿಬಿಡುತ್ತೇವೆ. ಎನ್‌ಆರ್‌ಸಿ ಮಾತು ಕೇಳಿದ ಮೇಲೆ ಹೆದರಿಕೆ ಸಹಜ. ಗುರುತಿನ ಚೀಟಿ, ವಿಭಾಗದ ಪತ್ರ ಕೇಳಿ ನೋಡಿ, ಗೈಡ್ ಯಾರೆಂದು ವಿಚಾರಿಸಿ. ಸರಿ ಅನಿಸಿದರೆ ಕೂರಿಸಿ, ಒಂದು ಚಾ ಕೊಟ್ಟು ಉತ್ತರ ಹೇಳಿ.

ಮಗಳು ‘ಪೊಲಿಟಿಕಲ್ ಸೈನ್ಸ್ ಓದ್ತೇನೆ’ ಅಂದರೆ ‘ಅದರಲ್ಲಿ ಎಂಥ ಕೆಲಸ ಸಿಗ್ತದೆ?’ ಅಂತ ಬಾಯಿ ಮುಚ್ಚಿಸುವ ಮೊದಲು ಅಖ್ತರ್ ಮಜೀದ್ ಕಲಿಸಿದ್ದು ಅದೇ ವಿಷಯ ಅಂತ ನೆನಪಿರಲಿ. ಎಂ.ಎ.ಗೆ ದೂರ ಹೋಗಬೇಕೆಂದೂ ಇಲ್ಲ, ಕೊಣಾಜೆಯಲ್ಲೇ ವಿಭಾಗ ಇದೆ.