ಸೀಕರಣೆಗೆ ಚರಕರ ತಕರಾರು

ಮಾವಿನ ಕಾಲ ಬಂತೆಂದರೆ ನಮ್ಮ ಮನೆಯಲ್ಲಿ ಸೀಕರಣೆ ಆಗಲೇಬೇಕು. ಹಣ್ಣು ಕಿವುಚಿ, ಕಾಯಿಸಿ ಆರಿಸಿದ ಹಾಲು, ಸಕ್ಕರೆ, ಏಲಕ್ಕಿ ಬೆರೆಸಿದರೆ ಮುಗಿಯಿತು. ಬಟ್ಟಲು ಕೈಗೆ ಬರುವಷ್ಟರಲ್ಲಿ ಮೊಬೈಲಿನಲ್ಲಿ ಯಾರದೋ ಎಚ್ಚರಿಕೆ: ಹಾಲು-ಹಣ್ಣು ಸೇರಿದರೆ ವಿಷ, ಆಯುರ್ವೇದವೇ ಹೇಳಿದೆ!

ಹೇಳಿರುವುದು ನಿಜ. ಚರಕಸಂಹಿತೆಯ ಸೂತ್ರಸ್ಥಾನದ 26ನೇ ಅಧ್ಯಾಯದಲ್ಲಿ ಚೈತ್ರರಥ ವನದಲ್ಲಿ ಋಷಿಗಳು ಸೇರಿದ್ದಾರೆ. ಮಾತು ವಿರುದ್ಧಾಹಾರಕ್ಕೆ, ಅಂದರೆ ಒಟ್ಟಿಗೆ ತಿನ್ನಬಾರದ ಆಹಾರಕ್ಕೆ ತಿರುಗುತ್ತದೆ. ಮೀನು, ಹಾಲು ಎರಡೂ ಮಧುರವೇ. ಆದರೆ ಹಾಲು ಶೀತವೀರ್ಯ (ಗುಣದಲ್ಲಿ ತಂಪು), ಮೀನು ಉಷ್ಣವೀರ್ಯ (ಗುಣದಲ್ಲಿ ಬಿಸಿ), ಕೂಡಿಸಬೇಡಿ ಎನ್ನುತ್ತಾನೆ ಆತ್ರೇಯ. ಭದ್ರಕಾಪ್ಯ ಒಪ್ಪುವುದಿಲ್ಲ. ಚಿಲಿಚಿಮವೆಂಬ ಮೀನೊಂದನ್ನು ಬಿಟ್ಟು ಉಳಿದದ್ದನ್ನು ಹಾಲಿನ ಜೊತೆ ತಿನ್ನಬಹುದು ಎಂಬುದು ಅವನ ವಾದ. ಆತ್ರೇಯ ಅದನ್ನು ತಳ್ಳಿಹಾಕುತ್ತಾನೆ. ಅಂದರೆ ಈ ಪಥ್ಯ ಹುಟ್ಟಿದ್ದೇ ಜಗಳದ ನಡುವೆ.

ಹಣ್ಣಿನ ಸರದಿ ಆಮೇಲಿನದು. ಅಮಟೆ, ಮಾದಳ, ಬೋರೆ, ನೇರಳೆ, ಬೇಲ, ಹುಣಸೆ, ದಾಳಿಂಬೆ, ನೆಲ್ಲಿ ಎಂದು ಪಟ್ಟಿ ಉದ್ದಕ್ಕೆ ಸಾಗಿ, ಕೊನೆಗೆ ಹುಳಿಯಾದದ್ದೆಲ್ಲ ಹಾಲಿಗೆ ವಿರುದ್ಧ ಎಂದು ನಿಲ್ಲುತ್ತದೆ. ಒಲೆಯ ಮುಂದೆ ನಿಂತವರಿಗೆ ಇದು ಹೊಸದಲ್ಲ: ಹುಳಿ ಬಿದ್ದರೆ ಹಾಲು ಒಡೆಯುತ್ತದೆ. ಆದರೆ ಮಾವು, ಹಲಸು, ತೆಂಗು ಕೂಡ ಅದೇ ಪಟ್ಟಿಯಲ್ಲಿವೆ. ಬಾಳೆಹಣ್ಣಿಗೆ ಹಾಲು ಕೂಡದೆಂದು ಸುಶ್ರುತಸಂಹಿತೆಯೂ ಹೇಳುತ್ತದೆ. ಹಾಗಾಗಿ ಎಲ್ಲವನ್ನೂ ಹುಳಿಯ ತಲೆಗೇ ಕಟ್ಟುವಂತಿಲ್ಲ.

ಚರಕಸಂಹಿತೆಯ ಈ ಭಾಗ ಗದ್ಯ. ಮುಂದೆ ವಾಗ್ಭಟ ಅಷ್ಟಾಂಗಹೃದಯದಲ್ಲಿ ಇಷ್ಟುದ್ದದ ಪಟ್ಟಿಯನ್ನು ಪದ್ಯದ ಒಂದೇ ಸಾಲಿಗೆ ಇಳಿಸಿದ: ಹಾಲಿನೊಂದಿಗೆ ಹುಳಿ ವಿರುದ್ಧ, ಹಣ್ಣೆಲ್ಲವೂ ಹಾಗೆಯೇ. ಬಾಯಿಪಾಠಕ್ಕೆ ಒಗ್ಗುವ ಮಾತು. ಇಂದು ಮೊಬೈಲಿನಲ್ಲಿ ಓಡಾಡುತ್ತಿರುವುದೂ ಈ ಸಾಲಿನ ಮರಿಯೇ ಎಂದು ನನ್ನ ಗುಮಾನಿ.

ಅಡುಗೆಮನೆ ಇದಕ್ಕೆಲ್ಲ ಕಾಯಲಿಲ್ಲ. 16ನೇ ಶತಮಾನದ ಭಾವಮಿಶ್ರ ತನ್ನ ಭಾವಪ್ರಕಾಶದಲ್ಲಿ ಹಾಲು ಬೆರೆಸಿದ ಮಾವಿಗೆ 'ದುಗ್ಧಾಮ್ರ' ಎಂದೇ ಹೆಸರಿಟ್ಟು, ಅದು ರುಚಿಕರ, ಬಲಕಾರಿ, ವಾತಪಿತ್ತ ಶಮನಕಾರಿ ಎಂದು ಹೊಗಳಿದ. ಜೀರ್ಣಕ್ಕೆ ಜಡ ಎನ್ನುವುದನ್ನೂ ಮರೆಯಲಿಲ್ಲ. ನಮ್ಮ ಸೀಕರಣೆಗೆ ಶಾಸ್ತ್ರದ ಮುದ್ರೆ ಬೇಕಿದ್ದರೆ ಇಲ್ಲಿದೆ. ಇನ್ನು ಜ್ಯೂಸ್ ಅಂಗಡಿಯ ಚಿಕ್ಕು, ಪಪ್ಪಾಯಿ, ಅನಾನಸುಗಳೆಲ್ಲ ಅಮೆರಿಕ ಮೂಲದವು, ಚರಕ ಕಂಡವಲ್ಲ. ಹಸಿ ಅನಾನಸಿನ ಕಿಣ್ವ ಹಾಲಿನ ಪ್ರೋಟೀನನ್ನು ಕತ್ತರಿಸಿ ಕಹಿ ಮಾಡುವುದನ್ನು ಮಿಕ್ಸಿಯೇ ತೋರಿಸುತ್ತದೆ. ಹಾಗೆಂದು ಒಡೆದ ಹಾಲು ವಿಷವಲ್ಲ. ಕುಡಿದ ಹಾಲು ಹೊಟ್ಟೆಯ ಆಮ್ಲದಲ್ಲಿ ಹೇಗೂ ಗಟ್ಟಿಯಾಗುತ್ತದೆ. ಹಾಲು-ಮೀನು ತಿಂದರೆ ತೊನ್ನು ಬರುತ್ತದೆಂಬ ಭಯವಂತೂ ಇನ್ನೂ ಹೋಗಿಲ್ಲ. ತೊನ್ನು ದೇಹದ ರಕ್ಷಣಾ ವ್ಯವಸ್ಥೆ ಚರ್ಮದ ಬಣ್ಣದ ಕೋಶಗಳ ಮೇಲೆ ತಿರುಗಿಬೀಳುವುದರಿಂದ ಬರುವಂಥದ್ದು.

ಎಚ್ಚರಿಕೆ ಕಳಿಸುವವರು ಚರಕಸಂಹಿತೆಯ ಅದೇ ಅಧ್ಯಾಯವನ್ನು ಇನ್ನಷ್ಟು ಓದಬೇಕಿತ್ತು. ರೂಢಿಯಾದವರಿಗೆ, ಸ್ವಲ್ಪವೇ ತಿಂದವರಿಗೆ, ಜಠರಾಗ್ನಿ ಚುರುಕಾಗಿರುವವರಿಗೆ, ಹರೆಯದವರಿಗೆ, ವ್ಯಾಯಾಮದಿಂದ ಗಟ್ಟಿಯಾದವರಿಗೆ ವಿರುದ್ಧಾಹಾರವೂ ಕೆಡುಕು ಮಾಡದು ಎಂಬ ರಿಯಾಯಿತಿ ಅಲ್ಲಿದೆ. ಮದುವೆಮನೆಯಲ್ಲಿ ಹೊಸ ಜೋಡಿಗೆ ಒಂದೆರಡು ಚಮಚ ಹಾಲು-ಬಾಳೆಹಣ್ಣು ಕೊಡುವ ಹಿರಿಯರಿಗೆ ಚರಕರ ಅಡ್ಡಿಯಿಲ್ಲ.